ಮಗುವಿನ ಉಸಿರೂ ಎಕ್ಸ್-ರೇ ಪಟವೂ

"ಡಾಕ್ಟರೆ, ಒಂದು ಪಟ ತೆಗೆಸಿಬಿಟ್ಟರೆ ಮನಸ್ಸಿಗೆ ಸಮಾಧಾನ."

ಕೆಮ್ಮು ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ತಂದೆತಾಯಿಯರು ಈ ಮಾತನ್ನು ಹೇಳದ ದಿನ ನನ್ನ ವೃತ್ತಿಜೀವನದಲ್ಲಿ ಅಪರೂಪ. ಮಾತಿನಲ್ಲಿ ತಪ್ಪೇನೂ ಇಲ್ಲ. ಎದೆಯೊಳಗೆ ನಡೆಯುತ್ತಿರುವುದು ಹೊರಗಿನ ಕಣ್ಣಿಗೆ ಕಾಣದು. ಕಾಣಿಸುವ ಯಂತ್ರವೊಂದು ಇರುವಾಗ ಅದನ್ನು ಉಪಯೋಗಿಸದ ವೈದ್ಯ ಜಿಪುಣನಂತೆಯೋ ಅಜಾಗರೂಕನಂತೆಯೋ ತೋರುವುದು ಸಹಜ. ಆದರೆ ಆ ವಾಕ್ಯದ ಕೊನೆಯ ಪದವನ್ನು ಸ್ವಲ್ಪ ಗಮನಿಸಬೇಕು. ಸಮಾಧಾನ. ಯಾರ ಸಮಾಧಾನ? ಮಗುವಿನದೆ, ಹೆತ್ತವರದೆ, ಇಲ್ಲವೆ ವೈದ್ಯನದೆ? ಮಕ್ಕಳಿಗೆ ನ್ಯುಮೋನಿಯ ಬಂದಾಗ ಎಕ್ಸ್-ರೇ ಪಟವನ್ನು ಯಾವಾಗ ತೆಗೆಸಬೇಕು, ಯಾವಾಗ ಬೇಕಾಗಿಲ್ಲ ಎಂಬ ಈ ಹೊತ್ತಿನ ನನ್ನ ಮಾತು ಆ ಪ್ರಶ್ನೆಯನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಆಗತಾನೆ ಕೆಲಸಕ್ಕೆ ಸೇರಿದ್ದ ಸಣ್ಣ ಊರೊಂದರ ಆಸ್ಪತ್ರೆಗೆ ಒಂದು ಸಂಜೆ ಎಂಟು ತಿಂಗಳ ಹೆಣ್ಣುಮಗುವನ್ನು ತಂದರು. ಹಿಂದಿನ ರಾತ್ರಿಯಿಂದ ಜ್ವರ, ಕೆಮ್ಮು. ಹಾಲು ಕುಡಿಯುವುದು ಕಡಿಮೆಯಾಗಿತ್ತು. ಉಸಿರಾಟ ವೇಗವಾಗಿದೆಯೆಂದು ನನಗೆ ಅನ್ನಿಸಿತು, ಆದರೆ ಎಣಿಸಲಿಲ್ಲ. ಎಣಿಸುವುದಕ್ಕೆ ಬದಲಾಗಿ, ಎದೆಯ ಪಟ ತೆಗೆಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟೆ. ನಮ್ಮಲ್ಲಿ ಯಂತ್ರವಿರಲಿಲ್ಲ. ಅವರು ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಹೋಗಿ, ರಾತ್ರಿ ಅಲ್ಲಿಯೇ ಯಾರದೋ ಜಗಲಿಯಲ್ಲಿ ಕಳೆದು, ಬೆಳಿಗ್ಗೆ ಸರದಿಯಲ್ಲಿ ಕುಳಿತು, ಮಧ್ಯಾಹ್ನದ ಹೊತ್ತಿಗೆ ಪಟದೊಡನೆ ಹಿಂದಿರುಗಿದರು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡು ಕಡೆಯೂ ಸ್ವಚ್ಛವಾಗಿತ್ತು. "ಏನೂ ಇಲ್ಲ, ಬರಿಯ ನೆಗಡಿ" ಎಂದು ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಿದೆ. ಅದೇ ರಾತ್ರಿ ಮಗು ತುಟಿ ನೀಲಿಗಟ್ಟಿ, ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಭಾಗ ಗುಳಿಬೀಳುತ್ತ, ಮೆಲ್ಲಗೆ ನರಳುತ್ತ ಮರಳಿ ಬಂತು. ಬದುಕಿತು. ಬದುಕಿದ್ದು ಆಮ್ಲಜನಕದಿಂದ, ಪೆನಿಸಿಲಿನ್ನಿನಿಂದ ಮತ್ತು ರಾತ್ರಿಯಿಡೀ ಕಣ್ಣು ಮುಚ್ಚದ ಒಬ್ಬ ದಾದಿಯಿಂದ. ಪಟ ಮೇಜಿನ ಮೇಲೆಯೇ ಇತ್ತು, ಅಷ್ಟೇ ಸ್ವಚ್ಛವಾಗಿ.

ಪಟ ಸುಳ್ಳು ಹೇಳಿತೆ? ಇಲ್ಲ. ನಾನು ಅದನ್ನು ಕೇಳಬಾರದ ಪ್ರಶ್ನೆ ಕೇಳಿದ್ದೆ. ನ್ಯುಮೋನಿಯವೆಂದರೆ ಶ್ವಾಸಕೋಶದ ಅತಿ ಸಣ್ಣ ಗಾಳಿಗೂಡುಗಳಲ್ಲಿ ಗಾಳಿ ಇರಬೇಕಾದೆಡೆ ದ್ರವವೂ ಕೀವಿನ ಕಣಗಳೂ ತುಂಬಿಕೊಳ್ಳುವುದು. ಎಕ್ಸ್-ಕಿರಣಗಳು ಗಾಳಿಯನ್ನು ಸುಲಭವಾಗಿ ಹಾಯ್ದುಹೋಗುತ್ತವೆ, ದ್ರವದಲ್ಲಿ ತಡೆಯುತ್ತವೆ; ಆದ್ದರಿಂದ ಆರೋಗ್ಯದ ಶ್ವಾಸಕೋಶ ಪಟದಲ್ಲಿ ಕಪ್ಪಾಗಿಯೂ ತುಂಬಿಕೊಂಡ ಭಾಗ ಬಿಳಿಯ ಮಚ್ಚೆಯಾಗಿಯೂ ಮೂಡುತ್ತದೆ. ಆದರೆ ಆ ಬಿಳುಪು ಮೂಡುವಷ್ಟು ತುಂಬುವುದಕ್ಕೆ ಕಾಲ ಬೇಕು. ರೋಗದ ಮೊದಲ ಗಂಟೆಗಳಲ್ಲಿ ಮಗು ಏದುಸಿರು ಬಿಡುತ್ತಿದ್ದರೂ ಪಟ ಸ್ವಚ್ಛವಾಗಿರಬಹುದು. ಕೊನೆಯಲ್ಲಿಯೂ ಹೀಗೆಯೇ: ಮಗು ಎದ್ದು ಓಡಾಡಿ ರೊಟ್ಟಿ ತಿನ್ನುವ ಹೊತ್ತಿಗೂ ಪಟದ ಮಚ್ಚೆ ವಾರಗಟ್ಟಲೆ ಉಳಿದಿರುತ್ತದೆ. ಬರುವಾಗಲೂ ಹೋಗುವಾಗಲೂ ಪಟ ಮಗುವಿಗಿಂತ ಹಿಂದೆ.

ಎದೆಯೊಳಗನ್ನು ತಿಳಿಯುವ ಹಂಬಲ ಬಹಳ ಹಳೆಯದು. ಆಸ್ಟ್ರಿಯದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ 1761ರಲ್ಲಿ, ಎದೆಯನ್ನು ಬೆರಳಿನಿಂದ ತಟ್ಟಿ ಆ ಶಬ್ದದಿಂದ ಒಳಗಿನ ಸ್ಥಿತಿಯನ್ನು ಊಹಿಸುವ ವಿಧಾನವನ್ನು ಪ್ರಕಟಿಸಿದ. ಅವನ ತಂದೆ ಛತ್ರ ನಡೆಸುತ್ತಿದ್ದವನು. ಮದ್ಯದ ಪೀಪಾಯಿಗಳನ್ನು ತಟ್ಟಿ ಎಷ್ಟು ತುಂಬಿದೆಯೆಂದು ತಿಳಿಯುವುದನ್ನು ಹುಡುಗನಾಗಿ ಕಂಡದ್ದೇ ಇದಕ್ಕೆ ಮೂಲವೆಂದು ಹೇಳುವುದುಂಟು. ಹಲಸಿನ ಹಣ್ಣನ್ನು ತಟ್ಟಿ ನೋಡುವ ನಮ್ಮವರಿಗೆ ಇದು ಅರ್ಥವಾಗದ ವಿದ್ಯೆಯಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದದ ಸುರುಳಿಯನ್ನು ಎದೆಗಿಟ್ಟು ಕಿವಿಗೊಟ್ಟಾಗ ಸ್ಟೆತೋಸ್ಕೋಪು ಹುಟ್ಟಿತು. 1895ರ ನವೆಂಬರಿನಲ್ಲಿ ರೋಂಟ್‌ಜೆನ್ ಹೊಸ ಕಿರಣವನ್ನು ಕಂಡು, ಅದರ ಸ್ವರೂಪ ತಿಳಿಯದೆ, ಬೀಜಗಣಿತದಲ್ಲಿ ಅಜ್ಞಾತಕ್ಕೆ ಇಡುವ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟ. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ತಟ್ಟಿದ್ದಾಯಿತು, ಕೇಳಿದ್ದಾಯಿತು, ಈಗ ಕಂಡದ್ದೂ ಆಯಿತು. ಕಂಡದ್ದೇ ಪ್ರಮಾಣವೆಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಕಂಡದ್ದನ್ನು ಓದುವುದು ಎಷ್ಟು ಕಷ್ಟವೆಂಬುದನ್ನು ಮಾತ್ರ ಹೊರಗಿನವರಿಗೆ ನಾವು ಹೇಳುವುದಿಲ್ಲ. ಆರು ತಿಂಗಳ ಮಗುವಿನ ಎದೆಯಲ್ಲಿ ಹೃದಯದ ಮೇಲ್ಗಡೆ ಥೈಮಸ್ ಎಂಬ ಗ್ರಂಥಿ ದೊಡ್ಡದಾಗಿಯೇ ಇರುತ್ತದೆ. ಪಟದಲ್ಲಿ ಅದರ ನೆರಳು ಕೆಲವೊಮ್ಮೆ ದೋಣಿಯ ಹಾಯಿಯಂತೆ ಪಕ್ಕಕ್ಕೆ ಚಾಚಿಕೊಂಡು, ಅನುಭವವಿಲ್ಲದ ಕಣ್ಣಿಗೆ ಅಪ್ಪಟ ನ್ಯುಮೋನಿಯವೇ ಆಗಿ ಕಾಣುತ್ತದೆ. ಮಗು ಅಳುತ್ತ ಉಸಿರನ್ನೆಲ್ಲ ಹೊರಹಾಕಿದ ಕ್ಷಣದಲ್ಲಿ ಪಟ ತೆಗೆದರೆ ಶ್ವಾಸಕೋಶವೆಲ್ಲ ಮಸುಕು. ಹಿಡಿದುಕೊಂಡವರ ಕೈಯಲ್ಲಿ ಮಗು ಕೊಂಚ ಹೊರಳಿದರೆ ಒಂದು ಪಾರ್ಶ್ವ ಬಿಳಿ, ಇನ್ನೊಂದು ಕಪ್ಪು. ಒಂದೇ ಪಟವನ್ನು ಇಬ್ಬರು ಅನುಭವಿ ವೈದ್ಯರಿಗೆ ಕೊಟ್ಟರೆ ಎರಡು ಅಭಿಪ್ರಾಯ ಬರುವುದು ವಿರಳವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ತಜ್ಞರು ಒಟ್ಟಾಗಿ, ಮಕ್ಕಳ ಪಟದಲ್ಲಿ ಯಾವುದನ್ನು ನ್ಯುಮೋನಿಯವೆಂದು ಕರೆಯಬೇಕೆಂಬ ಒಮ್ಮತದ ವ್ಯಾಖ್ಯೆಯನ್ನು 2005ರಲ್ಲಿ ಪ್ರಕಟಿಸಬೇಕಾಗಿ ಬಂದದ್ದೇ, ಅದುವರೆಗೆ ಒಮ್ಮತವಿರಲಿಲ್ಲವೆಂಬುದಕ್ಕೆ ಸಾಕ್ಷಿ. ಇನ್ನೊಂದು ಮಾತು: ಈ ರೋಗ ಬ್ಯಾಕ್ಟೀರಿಯದಿಂದ ಬಂದದ್ದೋ ವೈರಸ್ಸಿನಿಂದ ಬಂದದ್ದೋ ಎಂಬುದನ್ನು ಪಟ ನೆಚ್ಚುವಂತೆ ಹೇಳಲಾರದು. ಪ್ರತಿಜೀವಕ ಔಷಧಿ ಕೊಡಬೇಕೆ ಬೇಡವೆ ಎಂದು ಕೇಳುವವನಿಗೆ ಬೇಕಾದ ಉತ್ತರ ನಿಖರವಾಗಿ ಅದೇ.

ಹಾಗಾದರೆ ವೈದ್ಯನಿಗೆ ಆಧಾರವೇನು?

1980ರ ದಶಕದಲ್ಲಿ ಪಾಪುವ ನ್ಯೂಗಿನಿಯ ಬೆಟ್ಟಸೀಮೆಯ ಗೊರೋಕ ಎಂಬ ಊರಿನಲ್ಲಿ ಫ್ರ್ಯಾಂಕ್ ಶಾನ್ ಎಂಬ ಮಕ್ಕಳ ವೈದ್ಯರಿಗೆ ಇದೇ ಪ್ರಶ್ನೆ ಎದುರಾಯಿತು. ಹಳ್ಳಿಗಳಲ್ಲಿ ಎಕ್ಸ್-ರೇ ಯಂತ್ರವಿಲ್ಲ, ಎಷ್ಟೋ ಕಡೆ ವೈದ್ಯನೂ ಇಲ್ಲ. ಮಕ್ಕಳು ನ್ಯುಮೋನಿಯದಿಂದ ಸಾಯುತ್ತಿದ್ದಾರೆ. ಅವರೂ ಅವರ ಜೊತೆಗಾರರೂ 1984ರಲ್ಲಿ ಪ್ರಕಟಿಸಿದ ಉತ್ತರ ಆಶ್ಚರ್ಯವಾಗುವಷ್ಟು ಸರಳ: ಮಗುವಿನ ಉಸಿರನ್ನು ಎಣಿಸಿ, ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆಯೆ ನೋಡಿ. ನಮ್ಮ ನೆರೆಯ ವೆಲ್ಲೂರಿನಲ್ಲಿ ಥಾಮಸ್ ಚೆರಿಯನ್, ಟಿ. ಜೇಕಬ್ ಜಾನ್ ಮೊದಲಾದವರು ಇದನ್ನು ಪರೀಕ್ಷೆಗೆ ಒಡ್ಡಿ 1988ರಲ್ಲಿ ವರದಿ ಮಾಡಿದರು. ಶಿಶುಗಳಿಗೆ ನಿಮಿಷಕ್ಕೆ 50ರ ಗೆರೆ ಸರಿಯಾದದ್ದೇ. ಆದರೆ ವರ್ಷ ತುಂಬಿದ ಮಕ್ಕಳಿಗೆ 40ರ ಗೆರೆಯೇ ಮೇಲೆಂದು ಅವರಿಗೆ ಕಂಡಿತು. ಇಂದಿಗೂ ನಮ್ಮ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಅಳತೆ ಇದೇ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅಂಗಿ ಸರಿಸಿ, ಹೊಟ್ಟೆಯ ಏರಿಳಿತವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸಲ್ಲ. ಮಕ್ಕಳ ಉಸಿರು ಗಡಿಯಾರದಂತೆ ಸಮನಾಗಿ ನಡೆಯುವುದಿಲ್ಲ.

ಈ ವಿಧಾನಕ್ಕೆ ದೋಷವಿಲ್ಲವೆಂದು ನಾನು ವಾದಿಸಲಾರೆ. ಜ್ವರವೇ ಉಸಿರನ್ನು ಹೆಚ್ಚಿಸುತ್ತದೆ. ಉಬ್ಬಸದ ಮಗುವೂ ಬೇಗ ಉಸಿರಾಡುತ್ತದೆ. ಎಣಿಕೆಯನ್ನೇ ನಂಬಿ ಹೊರಟರೆ ನ್ಯುಮೋನಿಯವಿಲ್ಲದ ಕೆಲವು ಮಕ್ಕಳೂ ಅಮಾಕ್ಸಿಸಿಲಿನ್ ಕುಡಿಯುತ್ತಾರೆ. ಅದು ನಾವು ತೆರುವ ಬೆಲೆ. ಆದರೆ ಪಟ ತೆಗೆಸಿದರೆ ಆ ಬೆಲೆ ಉಳಿಯುತ್ತದೆಯೆ? ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಸ್ವಿಂಗ್ಲರ್ ಮತ್ತು ಸಂಗಡಿಗರು ಇದನ್ನೇ ನೋಡಿದರು. ಎರಡು ತಿಂಗಳಿಂದ ಐದು ವರ್ಷದೊಳಗಿನ, ಆಸ್ಪತ್ರೆಗೆ ಸೇರಿಸಬೇಕಾಗಿಲ್ಲದಷ್ಟು ಗಟ್ಟಿಯಾಗಿದ್ದ 522 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಟ ತೆಗೆಸಿದರು, ಇನ್ನೊಂದಕ್ಕೆ ಇಲ್ಲ. 1998ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ಗುಂಪಿನಲ್ಲಿಯೂ ಗುಣವಾಗಲು ಹಿಡಿದ ಮಧ್ಯಮ ಅವಧಿ ಏಳು ದಿನ. ವ್ಯತ್ಯಾಸವಿದ್ದದ್ದು ಬೇರೆಡೆ. ಪಟ ತೆಗೆಸಿದ ಗುಂಪಿನಲ್ಲಿಯೇ ಹೆಚ್ಚು ಮಕ್ಕಳಿಗೆ ಪ್ರತಿಜೀವಕ ಕೊಡಲಾಗಿತ್ತು! ಮಸುಕು ಕಂಡ ಕೈ ಸುಮ್ಮನಿರುವುದಿಲ್ಲವಷ್ಟೆ. ಬ್ರಿಟನ್ ಮತ್ತು ಅಮೆರಿಕದ ತಜ್ಞ ಸಂಘಗಳೆರಡೂ 2011ರಲ್ಲಿ ಹೊರಡಿಸಿದ ಮಾರ್ಗಸೂತ್ರಗಳಲ್ಲಿ, ಮನೆಯಲ್ಲಿಯೇ ಚಿಕಿತ್ಸೆ ಪಡೆಯಬಲ್ಲ ಮಗುವಿಗೆ ವಾಡಿಕೆಯಾಗಿ ಪಟ ಬೇಡವೆಂದೇ ಹೇಳಿದವು. ಯಂತ್ರಗಳಿಗೆ ಕೊರತೆಯಿಲ್ಲದ ದೇಶಗಳ ಮಾತಿದು.

ಇಷ್ಟು ಹೇಳಿದ ಮೇಲೆ, ಪಟವೇ ಬೇಡವೆನ್ನುವವನೆಂದು ನನ್ನನ್ನು ತಿಳಿಯಬಾರದು. ಪಟ ತೆಗೆಸದೆಯೂ ಮಕ್ಕಳನ್ನು ಕೆಡಿಸಬಹುದು. ತೆಗೆಸಿದ ಪಟವನ್ನು ಸರಿಯಾಗಿ ನೋಡದೆ ಇನ್ನೂ ಹೆಚ್ಚು ಕೆಡಿಸಬಹುದು. ಇದಕ್ಕೂ ನನ್ನ ಅನುಭವವೇ ಸಾಕು.

ಎರಡೂವರೆ ವರ್ಷದ ಹುಡುಗ. ಒಂದೇ ವರ್ಷದಲ್ಲಿ ಮೂರನೆಯ ನ್ಯುಮೋನಿಯ. ಮೊದಲನೆಯದಕ್ಕೆ ಬೇರೊಬ್ಬರು ಚಿಕಿತ್ಸೆ ಮಾಡಿದ್ದರು, ಎರಡನೆಯದಕ್ಕೆ ನಾನೇ ಮಾಡಿದ್ದೆ, ಮೂರನೆಯದಕ್ಕೆ ಮತ್ತೊಂದು ಊರಿನಲ್ಲಿ ಔಷಧಿ ನಡೆಯುತ್ತಿತ್ತು. ಪ್ರತಿ ಸಲವೂ ಔಷಧಿಗೆ ಜ್ವರ ಇಳಿಯುವುದು, ಕೆಮ್ಮು ಮಾತ್ರ ಪೂರ್ತಿ ಬಿಡದು. ಆ ತಾಯಿ ಬಟ್ಟೆಯ ಚೀಲದಿಂದ ಮೂರು ಪಟಗಳನ್ನು ತೆಗೆದು ನನ್ನ ಮುಂದೆ ಇಟ್ಟಳು. ಒಂದೊಂದನ್ನೂ ಒಬ್ಬೊಬ್ಬರು ನೋಡಿ ನ್ಯುಮೋನಿಯವೆಂದು ಸರಿಯಾಗಿಯೇ ಹೇಳಿದ್ದರು. ಮೂರನ್ನೂ ಒಟ್ಟಿಗೆ ಹಿಡಿದು ನೋಡಿದವರು ಯಾರೂ ಇರಲಿಲ್ಲ. ನಾನು ಪಕ್ಕಪಕ್ಕದಲ್ಲಿ ಹಿಡಿದೆ. ಮೂರರಲ್ಲಿಯೂ ಮಚ್ಚೆ ಬಲಗಡೆಯ ಕೆಳಭಾಗದ ಅದೇ ಮೂಲೆಯಲ್ಲಿ. ರೋಗಾಣುವಿಗೆ ಅಂತಹ ಮಮತೆ ಒಂದೇ ಮೂಲೆಯ ಮೇಲೆ ಇರುವುದಿಲ್ಲ.

"ಇದೆಲ್ಲ ಶುರುವಾಗುವ ಮುಂಚೆ ಏನಾದರೂ ತಿನ್ನುವಾಗ ಕೆಮ್ಮು ಹತ್ತಿತ್ತೆ?" ಎಂದು ಕೇಳಿದೆ. ಆಕೆ ಯೋಚಿಸಿದಳು. ಮನೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ದಿನ ಮಗು ನಗುತ್ತ ಓಡಿ ಬಿದ್ದು, ಬಹಳ ಹೊತ್ತು ಕೆಮ್ಮಿ, ಆಮೇಲೆ ಸುಮ್ಮನಾಗಿದ್ದ. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ನಾನಂತೂ ಹಿಂದಿನ ಸಲ ಕೇಳಿಯೇ ಇರಲಿಲ್ಲ. ಬಲಗಡೆಯ ಶ್ವಾಸನಾಳ ಎಡದ್ದಕ್ಕಿಂತ ಅಗಲವಾಗಿ, ನೇರವಾಗಿ ಇಳಿಯುವುದರಿಂದ ಹಾದಿ ತಪ್ಪಿದ ಕಾಳು ಅಲ್ಲಿಗೆ ಹೋಗುವುದೇ ಹೆಚ್ಚು. ಕಡಲೆಬೀಜ ಪಟದಲ್ಲಿ ಕಾಣುವುದಿಲ್ಲ, ಕಾಸು ಗುಂಡಿಗಳಂತೆ ಅದು ಕಿರಣವನ್ನು ತಡೆಯದು. ಕಾಣುವುದು ಅದರ ಪರಿಣಾಮ ಮಾತ್ರ: ಅದರಾಚೆ ಗಾಳಿ ಸಿಕ್ಕಿಕೊಂಡು ಉಬ್ಬಿದ ಅಥವಾ ಗಾಳಿಯಿಲ್ಲದೆ ಕುಗ್ಗಿದ ಶ್ವಾಸಕೋಶ, ಮತ್ತು ಹೀಗೆ ಮರುಕಳಿಸುವ ಸೋಂಕು. ಒಮ್ಮೊಮ್ಮೆ ಅದೂ ಕಾಣದು; ಆಗ ಸ್ವಚ್ಛವಾದ ಪಟಕ್ಕಿಂತ ತಾಯಿಯ ನೆನಪಿಗೆ ಹೆಚ್ಚು ಬೆಲೆ. ಹುಡುಗನನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಶ್ವಾಸನಾಳದೊಳಕ್ಕೆ ದರ್ಶಕವನ್ನು ಇಳಿಸಿ ಹೊರತೆಗೆದದ್ದು ಅರ್ಧ ಕಡಲೆಬೀಜ, ಊದಿಕೊಂಡು ಮೆತ್ತಗಾಗಿತ್ತು.

ಹೀಗೆ ಒಂದೇ ಜಾಗದಲ್ಲಿ ಮರಳಿ ಮರಳಿ ಬರುವ ನ್ಯುಮೋನಿಯಕ್ಕೆ ಪಟ ಬೇಕೇ ಬೇಕು; ಗುಣವಾದ ನಾಲ್ಕಾರು ವಾರಗಳ ಮೇಲೆ ಇನ್ನೊಂದೂ ಬೇಕು. ಕಾಳೋ ಮಣಿಯೋ ಒಳಹೋಗಿದೆಯೆಂಬ ಅನುಮಾನವಿದ್ದಾಗಲೂ ಬೇಕು. ಔಷಧಿ ಸರಿಯಾಗಿ ಕೊಟ್ಟು ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಅಥವಾ ಉಸಿರು ಇನ್ನೂ ಕಷ್ಟವಾದರೆ, ಶ್ವಾಸಕೋಶದ ಸುತ್ತ ಕೀವು ಸೇರಿದೆಯೇನೋ ಎಂದು ನೋಡಲೇಬೇಕು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಬಳಲಿದ ಮಗುವಿಗೂ ಹಾಗೆಯೇ. ಆದರೆ ಮೊದಲು ಆಮ್ಲಜನಕ, ಮೊದಲ ಸೂಜಿ, ಅನಂತರ ಪಟ. ಏದುಸಿರಿನ ಮಗುವನ್ನು ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ಕಾಯಿಸುವುದನ್ನು ನಾನು ಕಂಡಿದ್ದೇನೆ. ಕೆಮ್ಮು ಎರಡು ವಾರ ಮೀರಿ, ತೂಕ ಇಳಿಯುತ್ತಿದ್ದು, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ನಮ್ಮ ದೇಶದಲ್ಲಿ ಪಟಕ್ಕೆ ಹಿಂದುಮುಂದು ನೋಡಬಾರದು. ಇನ್ನು, ಶ್ವಾಸಕೋಶದ ತಳಭಾಗದ ನ್ಯುಮೋನಿಯ ಮಕ್ಕಳಲ್ಲಿ ಕೆಲವೊಮ್ಮೆ ಬರಿಯ ಹೊಟ್ಟೆನೋವಿನ ವೇಷ ಹಾಕಿಕೊಂಡು ಬರುತ್ತದೆ. ಅಪೆಂಡಿಸೈಟಿಸ್ ಎಂದು ಶಸ್ತ್ರಚಿಕಿತ್ಸೆಗೆ ಸಿದ್ಧವಾದ ಮಗುವನ್ನು ಎದೆಯ ಒಂದು ಪಟ ಮೇಜಿನಿಂದ ಇಳಿಸಿದ ಉದಾಹರಣೆಗಳುಂಟು. ತೀರ ಎಳೆಯ ಕೂಸುಗಳ, ತೀವ್ರ ಅಪೌಷ್ಟಿಕತೆಯ ಮಕ್ಕಳ ವಿಷಯ ಬೇರೆ. ಅವರ ದೇಹ ರೋಗವನ್ನು ಹೊರಗೆ ತೋರಿಸುವಷ್ಟು ಕಸುವನ್ನೂ ಉಳಿಸಿಕೊಂಡಿರುವುದಿಲ್ಲ. ಅಲ್ಲಿ ವೈದ್ಯ ಬೇಗನೆ ಪಟ ಕೇಳಿದರೆ ತಕರಾರು ಮಾಡಬೇಡಿ.

ಕೀವು ಸೇರಿದೆಯೆಂಬ ಸಂಶಯವಿದ್ದಾಗ ಅಲ್ಟ್ರಾಸೌಂಡ್ ಪಟಕ್ಕಿಂತ ಚೆನ್ನಾಗಿ ಮಾತಾಡುತ್ತದೆ. ಎಷ್ಟು ದ್ರವವಿದೆ, ಅದು ತೆಳುವೋ ಗಟ್ಟಿಯಾಗಿ ಅರೆಅರೆಯಾಗಿದೆಯೋ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿಯೇ, ಕಿರಣದ ಸೋಂಕಿಲ್ಲದೆ ತೋರಿಸುತ್ತದೆ. ತುಂಬಿಕೊಂಡ ಶ್ವಾಸಕೋಶ ಅದರಲ್ಲಿ ಯಕೃತ್ತಿನಂತೆ ಕಾಣುವುದು ಒಂದು ವಿಚಿತ್ರ. ಗಾಳಿಯನ್ನು ಮಾತ್ರ ಅದು ಹಾಯಲಾರದು, ಆದ್ದರಿಂದ ಅಂಚಿಗೆ ಬಾರದ ಆಳದ ಮಚ್ಚೆ ಅದಕ್ಕೆ ಅಗೋಚರ. ಸಿ.ಟಿ. ಸ್ಕ್ಯಾನ್ ಎಂಬುದು ನ್ಯುಮೋನಿಯದಲ್ಲಿ ಅಪರೂಪದ ತೊಡಕುಗಳಿಗೆ ಮೀಸಲು; ಅದಕ್ಕೆ ತಗಲುವ ವಿಕಿರಣ ಸಾಧಾರಣ ಎದೆಯ ಪಟದ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದು ಎದೆಯ ಪಟದ ವಿಕಿರಣವಾದರೋ, ಭೂಮಿ ಆಕಾಶಗಳಿಂದ ನಮಗೆ ಸಹಜವಾಗಿ ಬರುವ ವಿಕಿರಣದ ಕೆಲವೇ ದಿನಗಳ ಪಾಲು. ಆದ್ದರಿಂದ, ಬೇಕಾದಾಗ ಕಿರಣದ ಭಯದಿಂದ ಪಟವನ್ನು ನಿರಾಕರಿಸುವ ತಂದೆತಾಯಿಯರಿಗೂ ನಾನು ಅಷ್ಟೇ ಖಂಡಿತವಾಗಿ ಹೇಳುತ್ತೇನೆ: ಭಯ ಬೇಡ. ಬೇಡವಾದಾಗ ಪಟ ಬೇಡವೆನ್ನುವುದಕ್ಕೆ ನನ್ನ ಕಾರಣ ಕಿರಣವಲ್ಲ. ಕಳೆದುಹೋಗುವ ಹೊತ್ತು, ಖರ್ಚಾಗುವ ದುಡ್ಡು, ಮತ್ತು ಅಂದು ನಾನು ಆ ತಾಯಿಗೆ ಕೊಟ್ಟ ಸುಳ್ಳು ಸಮಾಧಾನ.

ಆ ಸಂಜೆ ನನ್ನ ಬಳಿ ಇರದಿದ್ದ ಒಂದು ಉಪಕರಣ ಈಗ ಸಣ್ಣ ಆಸ್ಪತ್ರೆಗಳಲ್ಲಿಯೂ ಇದೆ: ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ವದ ಮೇಲೆ ಅದು ರಕ್ತದ ಆಮ್ಲಜನಕವನ್ನು ಬೆಳಕಿನಿಂದ ಅಳೆಯುತ್ತದೆ. ಕೋವಿಡ್ ಕಾಲದಲ್ಲಿ ಅನೇಕರು ಅದನ್ನು ಮನೆಯಲ್ಲಿಯೂ ಇಟ್ಟುಕೊಂಡಿದ್ದರು. ಆದರೆ ದೊಡ್ಡವರ ಬೆರಳಿನ ಸಾಧನ ಕೂಸಿನ ಬೆರಳಿಗೆ ಒಗ್ಗುವುದಿಲ್ಲ, ಮಕ್ಕಳದೇ ಬೇಕು. ಅದರ ಅಂಕಿ ತೊಂಬತ್ತಕ್ಕಿಂತ ಕೆಳಗೆ ಇಳಿದಿದ್ದರೆ ಪಟ ಹೇಗೇ ಇರಲಿ, ಮಗು ಆಸ್ಪತ್ರೆಯಲ್ಲಿರಬೇಕು. ಇಂತಹ ಮಾತುಗಳನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 2019ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಪ್ರಪಂಚದಲ್ಲಿ ನ್ಯುಮೋನಿಯದಿಂದ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನ್ಯುಮೋಕಾಕಸ್ ವಿರುದ್ಧದ ಲಸಿಕೆ 2017ರಲ್ಲಿ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಕೆಲವೆಡೆ ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ನಿಮ್ಮ ಮನೆಯ ಕೂಸಿಗೆ ಅದು ಸಿಕ್ಕಿದೆಯೆ ಎಂದು ಲಸಿಕೆಯ ಕಾರ್ಡನ್ನು ಒಮ್ಮೆ ತೆಗೆದು ನೋಡಿ.

ಮಗು ಕುಡಿಯಲಾರದೆ ಹೋದರೆ, ಕುಡಿದದ್ದನ್ನೆಲ್ಲ ಕಕ್ಕಿದರೆ, ಎಬ್ಬಿಸಿದರೂ ಮಂಕಾಗಿ ಮಲಗಿದ್ದರೆ, ಫಿಟ್ಸ್ ಬಂದರೆ, ಉಸಿರಾಡುವಾಗ ಮೂಗಿನ ಹೊಳ್ಳೆ ಅರಳಿ ಪಕ್ಕೆ ಗುಳಿಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಇವನ್ನು ನೋಡುವುದಕ್ಕೆ ಯಂತ್ರ ಬೇಕಾಗಿಲ್ಲ, ದೀಪ ಸಾಕು.

ಮನೆಯಲ್ಲಿ ಹಳೆಯ ಪಟಗಳಿದ್ದರೆ ಎಸೆಯಬೇಡಿ. ಕಪಾಟಿನ ಹಿಂದೆ ಬಾಗಿಸಿ ತುರುಕಬೇಡಿ. ಅಡುಗೆಮನೆಯ ಬಿಸಿಗೆ ಇಡಬೇಡಿ. ಈಗೀಗ ಪಟ ಫೋನಿಗೇ ಬರುತ್ತದೆ. ಫೋನು ಬದಲಾಯಿಸಿದಾಗ ಅದೂ ಕಳೆದುಹೋಗುತ್ತದೆ. ತೆಗೆಸಿದ ದಿನಾಂಕವನ್ನು ಬರೆದು, ಮಗುವನ್ನು ಯಾವ ಊರಿನ ಯಾವ ವೈದ್ಯರಲ್ಲಿಗೆ ಕರೆದೊಯ್ದರೂ ಎಲ್ಲವನ್ನೂ ಜೊತೆಗೆ ಒಯ್ಯಿರಿ, ಅವರು ಕೇಳದಿದ್ದರೂ ಮೇಜಿನ ಮೇಲೆ ಸಾಲಾಗಿ ಇಡಿ. ಆ ಬಟ್ಟೆಯ ಚೀಲದ ತಾಯಿ ಮಾಡಿದ್ದು ಅಷ್ಟೇ.